‘ಒಳ್ಳೆಯ ಹುಡುಗ’ ಎಂಬ ಮಾತಿಗೆ ಸಾಕ್ಷಿ ಯಾರು?

(ಶಿವಮೊಗ್ಗ ಮತ್ತು ಭದ್ರಾವತಿಯ ವರ್ತಕರು, ಸಣ್ಣ ಕೈಗಾರಿಕೆಗಳ ಮಾಲೀಕರು ಹಾಗೂ ಶಾಲಾ ಆಡಳಿತ ಸಮಿತಿಗಳ ಪದಾಧಿಕಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



 

ಕೆಲಸಕ್ಕೆ ಅರ್ಜಿ ಹಾಕಿದವರ ಬಗ್ಗೆ ಯಾರನ್ನು ವಿಚಾರಿಸಬೇಕು, ಏನನ್ನು ವಿಚಾರಿಸಬೇಕು, ಏನನ್ನು ವಿಚಾರಿಸಬಾರದು ಎಂಬುದು ಇಂದು ನಮಗೆ ವಹಿಸಲಾದ ವಿಷಯ. ಮೇಲ್ನೋಟಕ್ಕೆ ಇದು ಬೆಂಗಳೂರಿನ ದೊಡ್ಡ ಕಂಪೆನಿಗಳ ಚಿಂತೆಯಂತೆ ಕಾಣುತ್ತದೆ. ಅವು ಇದಕ್ಕೆಂದೇ ಏಜೆನ್ಸಿಗಳನ್ನು ಇಟ್ಟುಕೊಂಡಿವೆ. ಆದರೆ ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರು, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಲೇತ್ ವರ್ಕ್‌ಶಾಪಿನವರು, ಅಡಿಕೆ ಮಂಡಿಯವರು, ಸಮುದಾಯದ ಶಾಲೆಗಳ ಮತ್ತು ನರ್ಸಿಂಗ್ ಹೋಮ್‌ಗಳ ಆಡಳಿತದವರು ಜನರನ್ನು ನೇಮಿಸಿಕೊಳ್ಳುವುದಿಲ್ಲವೇ? ಗಲ್ಲಾಪೆಟ್ಟಿಗೆಯ ಬೀಗದಕೈಯನ್ನು, ಮಕ್ಕಳನ್ನು ಕರೆತರುವ ವಾಹನದ ಸ್ಟಿಯರಿಂಗನ್ನು, ರೋಗಿಯ ಕೈಗೆ ಚುಚ್ಚುವ ಸೂಜಿಯನ್ನು ಇವರು ಯಾರದೋ ಕೈಗೆ ಒಪ್ಪಿಸುತ್ತಲೇ ಇದ್ದಾರೆ. ಹಾಗೆ ಒಪ್ಪಿಸುವ ಮುನ್ನ ನಡೆಯುವ ವಿಚಾರಣೆ ಎಂಥದು?

ನಮ್ಮಲ್ಲಿ ರೂಢಿಯಲ್ಲಿರುವ ವಿಚಾರಣೆ ಅರ್ಧ ನಿಮಿಷದ್ದು. ಪರಿಚಿತರೊಬ್ಬರಿಗೆ ಫೋನ್ ಹೋಗುತ್ತದೆ. “ಭಾಯ್ ಸಾಬ್, ಲಡ್ಕಾ ಕೈಸಾ ಹೈ?” ಆ ಕಡೆಯಿಂದ ಉತ್ತರ: “ಅಪ್‌ನಾಚ್ ಲಡ್ಕಾ ಹೈ, ರಖ್ ಲೇವ್.” ಅಲ್ಲಿಗೆ ಮುಗಿಯಿತು. ಕನ್ನಡದಲ್ಲಿಯೂ ಇದೇ ಮಾತು, “ನಮ್ಮ ಹುಡುಗ, ಒಳ್ಳೆಯವನು, ಕಣ್ಣು ಮುಚ್ಚಿ ತಗೊಳ್ಳಿ.” ಕಣ್ಣು ಮುಚ್ಚಿ ತೆಗೆದುಕೊಂಡವರು ಆರು ತಿಂಗಳ ಬಳಿಕ ಲೆಕ್ಕದ ಪುಸ್ತಕ ತೆರೆದಾಗ ಕಣ್ಣು ಬಿಡುತ್ತಾರೆ.

ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ರೂಢಿಯಿದೆ. ಅಲ್ಲಿ ಎಲ್ಲವನ್ನೂ ಕೇಳಲಾಗುತ್ತದೆ. ಯಾರ ಮಗ, ಯಾವ ಗಲ್ಲಿ, ಯಾವ ಮಸೀದಿ, ಯಾವ ಪಕ್ಷ, ಮದುವೆ ಆಗಿದೆಯೇ, ಮಕ್ಕಳೆಷ್ಟು, ಸಾಲವೆಷ್ಟು, ತಂಗಿ ಯಾರನ್ನು ಮದುವೆಯಾದಳು! ಆದರೆ ಹಿಂದಿನ ಕೆಲಸದಲ್ಲಿ ಆತ ಏನು ಮಾಡುತ್ತಿದ್ದ, ಹೇಗೆ ಮಾಡುತ್ತಿದ್ದ, ಏಕೆ ಬಿಟ್ಟ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಎರಡೂ ರೂಢಿಗಳ ಫಲ ಒಂದೇ. ಅರ್ಜಿದಾರನ ಕೆಲಸದ ಬಗ್ಗೆ ಮಾಲೀಕನಿಗೆ ಏನೂ ತಿಳಿಯುವುದಿಲ್ಲ.

ಇದು ನಮ್ಮ ಊರುಗಳಲ್ಲಿ ಈಗ ಏಕೆ ಮುಖ್ಯವಾಗಿದೆ ಎಂಬುದಕ್ಕೆ ಭದ್ರಾವತಿಯನ್ನು ನೋಡಬೇಕು. ಹಿಂದೆ ಬೆಂಕಿಪುರ ಎಂದು ಕರೆಯಲಾಗುತ್ತಿದ್ದ ಆ ಊರಿನಲ್ಲಿ ಮೈಸೂರು ಸಂಸ್ಥಾನವು 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಯೋಜನೆಯನ್ನು ಕೈಗೆತ್ತಿಕೊಂಡಿತು. 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. 1936ರಲ್ಲಿ ಕಾಗದ ಕಾರ್ಖಾನೆಯ ಸಂಸ್ಥೆ ಸ್ಥಾಪನೆಯಾಯಿತು. ಎರಡು-ಮೂರು ತಲೆಮಾರುಗಳು ಈ ಎರಡು ಗೇಟುಗಳ ನೆರಳಿನಲ್ಲಿ ಬದುಕಿದವು. ಅಂದು ಒಬ್ಬ ಕೆಲಸಗಾರನನ್ನು ಅಳೆಯುವುದು ಸುಲಭವಿತ್ತು. ಯಾವ ಡಿಪಾರ್ಟ್‌ಮೆಂಟು, ಯಾರ ಕೈಕೆಳಗೆ ಎಂದು ಕೇಳಿದರೆ ಸಾಕು, ಉಳಿದದ್ದು ಊರಿಗೇ ಗೊತ್ತಿರುತ್ತಿತ್ತು. 2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಉಕ್ಕು ಪ್ರಾಧಿಕಾರವು 2023ರ ಜನವರಿಯಲ್ಲಿ ಕೈಗೊಂಡಿತು. ಕಾರ್ಮಿಕರ ಹೋರಾಟ ನಡೆಯಿತು, ಅದೇ ವರ್ಷದ ಆಗಸ್ಟ್‌ನಲ್ಲಿ ಒಂದು ಭಾಗದ ಕೆಲಸ ಮರಳಿ ಆರಂಭವಾಯಿತು. ಸರಕಾರಗಳು ಬಂದವು, ಹೋದವು. ಪ್ರತಿ ಚುನಾವಣೆಯಲ್ಲಿಯೂ ಈ ಕಾರ್ಖಾನೆಗಳ ಪುನಶ್ಚೇತನ ಒಂದು ಭರವಸೆಯಾಗಿ ಕೇಳಿಬರುತ್ತದೆ ಎಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಈ ನಡುವೆ ಕೆಲಸ ಕಳೆದುಕೊಂಡವರು ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಕಡೆಗೆ, ಶಿವಮೊಗ್ಗದ ಫೌಂಡ್ರಿಗಳ ಮತ್ತು ಗ್ಯಾರೇಜುಗಳ ಕಡೆಗೆ ಬಂದರು, ಬರುತ್ತಲೂ ಇದ್ದಾರೆ. ಇವರಲ್ಲಿ ಖಾಯಂ ನೌಕರರ ಬಳಿ ಕಾಗದಗಳಿವೆ. ಗುತ್ತಿಗೆ ಕಾರ್ಮಿಕರ ಬಳಿ? ಹತ್ತು-ಹದಿನೈದು ವರ್ಷ ಒಂದೇ ಗೇಟಿನೊಳಗೆ ದುಡಿದ ವ್ಯಕ್ತಿಯ ಕೈಯಲ್ಲಿ ಒಂದು ಸಾಲಿನ ಅನುಭವ ಪತ್ರವೂ ಇರುವುದಿಲ್ಲ. ಗುತ್ತಿಗೆದಾರ ಬದಲಾದಂತೆಲ್ಲ ಕಾಗದದ ಮೇಲಿನ ಮಾಲೀಕ ಬದಲಾಗುತ್ತಾನೆ, ಕೆಲಸಗಾರ ಮಾತ್ರ ಅದೇ ಕುಲುಮೆಯ ಮುಂದೆ ನಿಂತಿರುತ್ತಾನೆ. ಈಗ ಅವನು ನಿಮ್ಮ ಬಳಿಗೆ ಬಂದು “ನಾನು ಪೇಪರ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದೆ ಸಾರ್” ಎನ್ನುತ್ತಾನೆ. ನೀವು ಪಿ.ಎಫ್. ದಾಖಲೆ ನೋಡುತ್ತೀರಿ. ಅಲ್ಲಿ ಪೇಪರ್ ಮಿಲ್ಲಿನ ಹೆಸರೇ ಇಲ್ಲ, ಹೆಸರು ಕೇಳಿರದ ಯಾವುದೋ ಎಂಟರ್‌ಪ್ರೈಸಸ್‌ನ ಹೆಸರಿದೆ. ಸುಳ್ಳುಗಾರ ಎಂದು ಅರ್ಜಿಯನ್ನು ಬದಿಗಿಡುತ್ತೀರಿ. ಆತ ಸುಳ್ಳು ಹೇಳಿರಲಿಲ್ಲ. ದಾಖಲೆಯೂ ಸುಳ್ಳಲ್ಲ. ಗುತ್ತಿಗೆ ಪದ್ಧತಿಯ ಸ್ವರೂಪವೇ ಅಂಥದು ಎಂಬ ಅರಿವು ಮಾತ್ರ ವಿಚಾರಿಸಿದವರಿಗೆ ಇರಲಿಲ್ಲ. ಇಂತಹ ಒಂದು ಅಜ್ಞಾನದಿಂದ ಒಂದು ಮನೆಯ ಒಲೆ ಆರುತ್ತದೆ. ವಿಚಾರಣೆಯ ವಿಷಯವನ್ನು ನಾವು ಇಷ್ಟು ಗಂಭೀರವಾಗಿ ಪರಿಗಣಿಸಲು ಇದೇ ಕಾರಣ.

ಹಾಗಾದರೆ ಅಂಥವರ ಬಗ್ಗೆ ತಿಳಿಯುವುದು ಹೇಗೆ? 2014ರಿಂದ ಪಿ.ಎಫ್. ಸದಸ್ಯರಿಗೆ ಒಂದೇ ಖಾಯಂ ಸಂಖ್ಯೆ, ಅಂದರೆ ಯು.ಎ.ಎನ್., ಇದೆ. ಅದರ ಪಾಸ್‌ಬುಕ್ಕಿನಲ್ಲಿ ಯಾವ ತಿಂಗಳು ಯಾರು ಹಣ ಕಟ್ಟಿದರು ಎಂಬುದು ಕಾಣುತ್ತದೆ. ಅರ್ಜಿದಾರನೇ ತನ್ನ ಮೊಬೈಲಿನಲ್ಲಿ ತೆರೆದು ತೋರಿಸಲಿ. ಪಾಸ್‌ವರ್ಡನ್ನಾಗಲಿ ಓಟಿಪಿಯನ್ನಾಗಲಿ ನಾವು ಕೇಳಬಾರದು. ತಿಂಗಳುಗಳು ತಾಳೆಯಾದರೆ ಗುತ್ತಿಗೆದಾರನ ಹೆಸರಿಗೆ ಹೆಚ್ಚು ಮಹತ್ವ ಕೊಡಬೇಕಾಗಿಲ್ಲ. ಇ.ಎಸ್.ಐ. ಕಾರ್ಡು, ಹಳೆಯ ಗೇಟ್ ಪಾಸು, ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕದ ಸಾಲುಗಳು, ಇವೂ ಸಾಕ್ಷಿಗಳೇ. ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ಜೊತೆಯಲ್ಲಿ ಪಾಳಿ ಮಾಡಿದ ಹಿರಿಯ ಫಿಟ್ಟರ್. ಅಂಥವರು ಭದ್ರಾವತಿಯಲ್ಲಿ ಇನ್ನೂ ಇದ್ದಾರೆ. ಮಾಲೀಕರು ಮ್ಯಾನೇಜರರ ಸಹಿಯನ್ನು ಹುಡುಕುತ್ತಾರೆ, ಫಿಟ್ಟರನ ಬಾಯಿಮಾತನ್ನು ಕೇಳುವುದಿಲ್ಲ. ಕೊನೆಗೆ ಲೇತ್ ಮುಂದೆ ನಿಲ್ಲಿಸಿ ಒಂದು ಬುಷ್ ತಿರುವಿಕೊಡು ಎಂದರೆ ಹತ್ತು ನಿಮಿಷದಲ್ಲಿ ಅರ್ಧ ವಿಚಾರಣೆ ಮುಗಿಯುತ್ತದೆ. ಆದರೆ ಆ ಪರೀಕ್ಷೆಯ ಹೆಸರಿನಲ್ಲಿ ಮೂರು ದಿನ ಪುಕ್ಕಟೆ ದುಡಿಸಿಕೊಳ್ಳುವವರೂ ಇದ್ದಾರೆ. ಅದು ವಿಚಾರಣೆಯಲ್ಲ, ಕೂಲಿಯ ಕಳ್ಳತನ.

ಮದ್ರಸಾದಲ್ಲಿ ಕಲಿತವರು ಇಂತಹ ವಿಷಯದಲ್ಲಿ ಏನು ಹೇಳಬಲ್ಲರು ಎಂದು ಕೆಲವರಿಗೆ ಅನಿಸಬಹುದು. ನಿಜ ಹೇಳಬೇಕೆಂದರೆ, ಒಬ್ಬ ವ್ಯಕ್ತಿಯ ಬಗ್ಗೆ ಇನ್ನೊಬ್ಬ ಹೇಳಿದ ಮಾತನ್ನು ಹೇಗೆ ತೂಗಬೇಕು ಎಂಬುದನ್ನೇ ಒಂದು ಶಾಸ್ತ್ರವನ್ನಾಗಿ ಬೆಳೆಸಿದವರು ಹದೀಸ್ ವಿದ್ವಾಂಸರು. ‘ಜರ್ಹ್ ವ ತಅ್‌ದೀಲ್’ ಎಂದರೆ ವರದಿಗಾರನ ದೋಷಗಳನ್ನೂ ವಿಶ್ವಾಸಾರ್ಹತೆಯನ್ನೂ ನಿರ್ಣಯಿಸುವ ವಿದ್ಯೆ. ಇಬ್ನು ಅಬೀ ಹಾತಿಮ್ ಅವರ ಗ್ರಂಥಕ್ಕೆ ಇದೇ ಹೆಸರಿದೆ. ದಹಬಿಯವರ ‘ಮೀಝಾನುಲ್ ಇಅ್‌ತಿದಾಲ್’ ಇದೇ ವಿಷಯದ ಬೃಹತ್ ಕೃತಿ. ಆ ವಿದ್ಯೆಯ ಕೆಲವು ನಿಯಮಗಳನ್ನು ಇಂದಿನ ಮಾಲೀಕರು ಹಾಗೆಯೇ ಎತ್ತಿಕೊಳ್ಳಬಹುದು.

ಕಾರಣ ವಿವರಿಸದ ದೂಷಣೆಯನ್ನು ಸುಮ್ಮನೆ ಸ್ವೀಕರಿಸಬಾರದು ಎಂಬುದು ಅನೇಕ ವಿದ್ವಾಂಸರು ಎತ್ತಿಹಿಡಿದ ನಿಯಮ. “ಅವನು ಸರಿಯಿಲ್ಲ” ಎಂದರೆ ಸಾಲದು. ಏನು ಸರಿಯಿಲ್ಲ? ತಡವಾಗಿ ಬರುತ್ತಿದ್ದನೇ, ಹಣ ತೆಗೆದನೇ, ಮಾಲೀಕನಿಗೆ ಎದುರು ಮಾತನಾಡಿದನೇ? ಮೂರೂ ಒಂದೇ ಅಲ್ಲ. ಕೂಲಿ ಕೇಳಿದ್ದಕ್ಕೆ ‘ಸರಿಯಿಲ್ಲ’ ಎನಿಸಿಕೊಂಡವರು ಎಷ್ಟು ಮಂದಿ! ಸಮಕಾಲೀನ ಪ್ರತಿಸ್ಪರ್ಧಿಗಳು ಪರಸ್ಪರರ ಬಗ್ಗೆ ಆಡಿದ ಮಾತನ್ನು ಎಚ್ಚರದಿಂದ ನೋಡಬೇಕು ಎಂಬುದು ಮತ್ತೊಂದು ನಿಯಮ. ಪಕ್ಕದ ಅಂಗಡಿಯವನು ತನ್ನ ಒಳ್ಳೆಯ ಕೆಲಸಗಾರ ನಿಮ್ಮ ಬಳಿಗೆ ಹೋಗುತ್ತಿರುವಾಗ ಏನು ಹೇಳಿಯಾನು? ಹಾಗೆಯೇ ತೊಲಗಿದರೆ ಸಾಕು ಎಂದುಕೊಂಡವನನ್ನು ಹೊಗಳಿ ಕಳಿಸುವವರೂ ಇದ್ದಾರೆ. ಮೂರನೆಯದು ಮಾತಿನ ತೂಕ. ಇಮಾಮ್ ಬುಖಾರಿಯವರು ಕಟುವಾದ ಮಾತನ್ನು ಆಡುತ್ತಿರಲಿಲ್ಲ. ಅವರು ಒಬ್ಬ ವರದಿಗಾರನ ಬಗ್ಗೆ “ಅವನ ವಿಷಯದಲ್ಲಿ ಪರಿಶೀಲನೆ ಬೇಕು” ಎಂಬರ್ಥದ ಮೃದುವಾದ ಮಾತು ಬರೆದರೆ, ಬಲ್ಲವರು ಅದನ್ನು ತೀವ್ರವಾದ ತಿರಸ್ಕಾರವೆಂದೇ ಓದುತ್ತಿದ್ದರು. ಇಂದಿನ ಗುಣನಡತೆ ಪತ್ರಗಳನ್ನು ಓದುವಾಗ ಇದು ನೆನಪಿರಬೇಕು. ಶಿಕ್ಷಕಿಯೊಬ್ಬರ ಪತ್ರದಲ್ಲಿ ಸಮಯಪಾಲನೆಯ ಹೊಗಳಿಕೆ ಇದೆ, ಬೋಧನೆಯ ಬಗ್ಗೆ ಒಂದಕ್ಷರವಿಲ್ಲ ಎಂದಾದರೆ ಆ ಮೌನವೂ ಒಂದು ವಾಕ್ಯ. ಆದರೆ ಬರೆದವರನ್ನು ಕೇಳದೆ ಆ ವಾಕ್ಯದ ಅರ್ಥವನ್ನು ನಾವೇ ಪೂರ್ತಿ ಮಾಡಿಕೊಳ್ಳಬಾರದು.

ಖಲೀಫಾ ಉಮರ್(ರ)ರ ಒಂದು ಪ್ರಸಿದ್ಧ ಪ್ರಸಂಗ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಒಬ್ಬಾತನ ಸಾಕ್ಷ್ಯವನ್ನು ಸ್ವೀಕರಿಸುವ ಸಂದರ್ಭದಲ್ಲಿ ಇನ್ನೊಬ್ಬ ಎದ್ದು ಅವನನ್ನು ನಾನು ಬಲ್ಲೆ, ನ್ಯಾಯವಂತ ಎಂದ. ಉಮರ್(ರ) ಅವನನ್ನು ಕೇಳಿದರು. ಹಗಲು-ರಾತ್ರಿ ಕಂಡು ಬಲ್ಲ ನೆರೆಯವನೇ? ಅಲ್ಲ. ಹಣದ ವ್ಯವಹಾರ ಮಾಡಿದ್ದೀಯಾ? ಇಲ್ಲ. ಜೊತೆಯಲ್ಲಿ ಪ್ರಯಾಣ ಮಾಡಿದ್ದೀಯಾ? ಇಲ್ಲ. ಹಾಗಾದರೆ ಆತ ಮಸೀದಿಯಲ್ಲಿ ತಲೆ ಬಗ್ಗಿಸಿ ಎತ್ತುವುದನ್ನು ನೋಡಿರಬೇಕು, ನಿನಗೆ ಅವನ ಪರಿಚಯವಿಲ್ಲ ಎಂದು ಕೂರಿಸಿದರು. ನಮ್ಮ ಊರುಗಳ ಅರ್ಧದಷ್ಟು ಶಿಫಾರಸುಗಳು ಈ ಒಂದು ಪ್ರಶ್ನಾವಳಿಯ ಮುಂದೆ ನಿಲ್ಲಲಾರವು. ಜಮಾಅತಿನ ಅಧ್ಯಕ್ಷರೋ, ವಾರ್ಡಿನ ಮಾಜಿ ಸದಸ್ಯರೋ ಬರೆದುಕೊಟ್ಟ ಪತ್ರವನ್ನು ಗೌರವಿಸೋಣ. ಆದರೆ ಅವರು ಆ ಹುಡುಗನ ಜೊತೆ ಕೆಲಸ ಮಾಡಿದ್ದಾರೆಯೇ?

ಇನ್ನು ಕೇಳುವ ಕ್ರಮಕ್ಕೆ ಬರೋಣ. ಅರ್ಜಿಯಲ್ಲಿಯೇ ಹಿಂದಿನ ಮಾಲೀಕರ ಅಥವಾ ಮೇಲ್ವಿಚಾರಕರ ಇಬ್ಬರು-ಮೂವರ ಹೆಸರನ್ನು ಅರ್ಜಿದಾರನಿಂದ ಬರೆಸಿ, ಅವರನ್ನು ವಿಚಾರಿಸಲು ಆತನ ಒಪ್ಪಿಗೆಯ ಸಹಿ ಪಡೆಯಬೇಕು. ಈಗ ಇರುವ ಕೆಲಸದ ಮಾಲೀಕನನ್ನು ಮಾತ್ರ ಅರ್ಜಿದಾರ ಹೇಳುವವರೆಗೆ ವಿಚಾರಿಸಬಾರದು. ನಿಮ್ಮ ಒಂದು ಫೋನಿನಿಂದ ಆತ ಇರುವ ಕೆಲಸವನ್ನೂ ಕಳೆದುಕೊಂಡು, ನೀವೂ ತೆಗೆದುಕೊಳ್ಳದೆ ಹೋದರೆ ಅದಕ್ಕೆ ಹೊಣೆ ಯಾರು? ಕೊಟ್ಟ ಮೊಬೈಲ್ ಸಂಖ್ಯೆಗೆ ಫೋನ್ ಮಾಡಿ ತೃಪ್ತರಾಗುವುದೂ ತಪ್ಪು. ಆ ಕಡೆ ಮಾತನಾಡುವವನು ಮಾಲೀಕನೋ, ಅರ್ಜಿದಾರನ ಭಾವನೋ ಎಂದು ಹೇಗೆ ತಿಳಿಯುವುದು? ಸಂಸ್ಥೆಯ ಬೋರ್ಡಿನಲ್ಲೋ ಬಿಲ್ಲಿನಲ್ಲೋ ಇರುವ ಸಂಖ್ಯೆಯನ್ನು ನಾವೇ ಹುಡುಕಿ ಮಾತನಾಡಬೇಕು. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಗಲ್ಲಾಪೆಟ್ಟಿಗೆಯ ಕೆಲಸಕ್ಕಾದರೆ ಹೋಗಿಯೇ ಕೇಳಬಹುದು. ಎದುರು ಕುಳಿತು ಚಹಾ ಕುಡಿಯುವಾಗ ಬರುವ ಮಾತು ಫೋನಿನಲ್ಲಿ ಬರುವುದಿಲ್ಲ.

ಯಾವಾಗಿನಿಂದ ಯಾವಾಗಿನವರೆಗೆ ಇದ್ದ, ಏನು ಕೆಲಸ, ಹಣ ಅಥವಾ ಸ್ಟಾಕು ಅವನ ಕೈಯಲ್ಲಿತ್ತೇ, ಜೊತೆಗಾರರೊಂದಿಗೆ ಹೇಗಿದ್ದ, ಏಕೆ ಬಿಟ್ಟ, ಮರಳಿ ಬಂದರೆ ತೆಗೆದುಕೊಳ್ಳುತ್ತೀರಾ? ಕೊನೆಯ ಪ್ರಶ್ನೆಗೆ ಉತ್ತರಿಸುವ ಮುನ್ನ ಆ ಮನುಷ್ಯ ಎಷ್ಟು ಹೊತ್ತು ಸುಮ್ಮನಿದ್ದ ಎಂಬುದನ್ನೂ ಗಮನಿಸಿರಿ. ಒಂದು ಹುದ್ದೆಗೆ ಬಂದ ಎಲ್ಲರ ಬಗ್ಗೆಯೂ ಇವೇ ಪ್ರಶ್ನೆಗಳಿರಲಿ. ಅಬ್ದುಲ್ಲನಿಗೆ ಒಂದು, ಮಂಜುನಾಥನಿಗೆ ಒಂದು ಎಂದಾಗಬಾರದು. ಉತ್ತರವನ್ನು ದಿನಾಂಕ ಸಹಿತ ಬರೆದಿಡಿ. ಕೆಟ್ಟ ಮಾತು ಬಂದರೆ ಅದನ್ನು ಅರ್ಜಿದಾರನ ಮುಂದಿಟ್ಟು ಆತನ ವಿವರಣೆಯನ್ನು ಕೇಳಬೇಕು. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ಒಂದು ಜನತೆಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಡಿರಿ ಎಂಬ ಎಚ್ಚರಿಕೆ ಸೂರಃ ಅಲ್ ಹುಜುರಾತ್‌ನಲ್ಲಿದೆ. ಅದೇ ಸೂರಃದಲ್ಲಿ ಕೆಲವು ಸೂಕ್ತಗಳ ಬಳಿಕ ಗುಮಾನಿಯನ್ನೂ ಗೂಢಚಾರಿಕೆಯನ್ನೂ ನಿಷೇಧಿಸಲಾಗಿದೆ. ಪರಿಶೀಲನೆ ಬೇರೆ, ಇಣುಕುವುದು ಬೇರೆ.

ಕಾನೂನು ಈ ಗೆರೆಯನ್ನು ಎಲ್ಲಿ ಎಳೆಯುತ್ತದೆ? ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾಗಿ, ಮುಖ್ಯ ಕಟ್ಟಳೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಯಿತು. ಅಂಗಡಿಯ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಅರ್ಜಿದಾರರ ವಿವರಗಳನ್ನು ಇಟ್ಟುಕೊಳ್ಳುವವರು ಈಗಲೇ ಅಭ್ಯಾಸ ಮಾಡಿಕೊಳ್ಳುವುದು ಲೇಸು. ಉದ್ಯೋಗದ ಉದ್ದೇಶಕ್ಕೆ ಆ ಕಾಯಿದೆಯಲ್ಲಿ ಸ್ವಲ್ಪ ವಿನಾಯಿತಿ ಇದೆ. ಆದರೆ ಇನ್ನೂ ನೌಕರನಾಗದ ಅರ್ಜಿದಾರನ ವಿಷಯದಲ್ಲಿ ಅದನ್ನು ನೆಚ್ಚಿಕೊಳ್ಳುವುದಕ್ಕಿಂತ ಒಪ್ಪಿಗೆ ಪಡೆಯುವುದೇ ಭದ್ರ. ಏನನ್ನು ಕೇಳುತ್ತೇವೆ, ಏತಕ್ಕೆ ಕೇಳುತ್ತೇವೆ ಎಂದು ತಿಳಿಸಿ ಪಡೆದ ಸ್ಪಷ್ಟ ಒಪ್ಪಿಗೆ ಅದಾಗಿರಬೇಕು. ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಅದನ್ನು ಓದುವ ಅವಕಾಶ ಅರ್ಜಿದಾರನಿಗೆ ಇರಬೇಕೆಂದು ಕಾಯಿದೆ ಹೇಳುತ್ತದೆ. ಅದರಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ಕೆಲಸ ಸಿಗದವರ ಕಾಗದಗಳನ್ನು ವರ್ಷಗಟ್ಟಲೆ ಕಪಾಟಿನಲ್ಲಿ ಇಟ್ಟುಕೊಳ್ಳಬಾರದು. ಬಂದವರೆಲ್ಲರ ಆಧಾರ್ ಜೆರಾಕ್ಸ್ ಗುಡ್ಡೆ ಹಾಕುವ ಅಭ್ಯಾಸವನ್ನೂ ಬಿಡಬೇಕು. ಖಾಸಗಿಯವರು ಆಧಾರ್ ಬಳಸಿಕೊಳ್ಳಲು ಅವಕಾಶ ನೀಡಿದ್ದ ಕಟ್ಟಳೆಯನ್ನು 2018ರಲ್ಲಿ ಸುಪ್ರೀಮ್ ಕೋರ್ಟ್ ರದ್ದುಗೊಳಿಸಿತ್ತು. ನೇಮಕವಾದ ಬಳಿಕ ಪಿ.ಎಫ್.ಗೆ ಬೇಕಾಗುವುದು ಬೇರೆ ಮಾತು.

ನಮ್ಮ ಕೆಲವು ಶಾಲೆಗಳಲ್ಲಿ ಶಿಕ್ಷಕಿಯರ ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆಂಬ ದೂರು ನಮ್ಮ ಕಿವಿಗೆ ಬೀಳುತ್ತಲೇ ಇದೆ. ಪರಿಶೀಲನೆ ಎಂಬುದು ಅದಕ್ಕೆ ಕೊಡುವ ಕಾರಣ. ಅದು ಪರಿಶೀಲನೆಯಲ್ಲ, ಒತ್ತೆ. ನೋಡಿ, ಪ್ರತಿ ಮಾಡಿಕೊಂಡು ಆಗಲೇ ಹಿಂದಿರುಗಿಸಬೇಕು. ನಕಲಿ ಎಂಬ ಶಂಕೆಯಿದ್ದರೆ ಡಿಜಿಲಾಕರ್‌ನಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಿಗುತ್ತದೆ, ಪದವಿಗೆ ವಿಶ್ವವಿದ್ಯಾನಿಲಯವಿದೆ. ಶಂಕರಘಟ್ಟ ಇಲ್ಲೇ ಇದೆಯಲ್ಲ!

ಈಗ ಈ ಊರಿನಲ್ಲಿ ಮಾತನಾಡಲು ಹಿಂಜರಿಯುವ ವಿಷಯಕ್ಕೆ ಬರುತ್ತೇವೆ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನು ಸೇವಾ ಸಿಂಧು ಮೂಲಕ ಪಡೆಯಬಹುದು. ಮಕ್ಕಳೊಂದಿಗೆ ಇರುವ ಚಾಲಕರು, ಆಯಾಗಳು, ಕಾವಲುಗಾರರ ವಿಷಯದಲ್ಲಿ ಅದನ್ನು ಕೇಳಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಇಲ್ಲಿ “ನಮ್ಮವನು” ಎಂಬ ಮಾತಿಗೆ ಬೆಲೆ ಇರಕೂಡದು. ಅರಬಿ ಕಲಿಸುವ ಉಸ್ತಾದರೂ ಇದಕ್ಕೆ ಹೊರತಲ್ಲ. ಆದರೆ ಬಂದ ಕಾಗದವನ್ನು ಓದಲು ಕಲಿಯಬೇಕು. ಎಫ್.ಐ.ಆರ್. ಎಂದರೆ ದೂರು. ದೋಷಾರೋಪ ಪಟ್ಟಿ ಎಂದರೆ ಪೊಲೀಸರ ವಾದ. ಶಿಕ್ಷೆ ಕೊಡುವುದು ನ್ಯಾಯಾಲಯ. ಹಬ್ಬಗಳ ಮುಂಚೆ ಶಾಂತಿಪಾಲನೆಗೆಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಾರಲ್ಲ, ಜನರ ಬಾಯಲ್ಲಿ ‘107 ಕೇಸು’ ಎಂದು ಇಂದಿಗೂ ಕರೆಯಲಾಗುವುದು, ಅದು ಶಿಕ್ಷೆಯೂ ಅಲ್ಲ, ಅಪರಾಧ ಸಾಬೀತಾಯಿತೆಂದೂ ಅಲ್ಲ. ಶಿವಮೊಗ್ಗ, ಭದ್ರಾವತಿಗಳಲ್ಲಿ ಗಲಭೆಯ ಕಾಲದಲ್ಲಿ ಯಾರ ಯಾರ ಹೆಸರು ಯಾವ ಪಟ್ಟಿಗೆ ಸೇರಿತು ಎಂಬುದು ಎರಡೂ ಸಮುದಾಯಗಳ ತಾಯಂದಿರಿಗೆ ಗೊತ್ತಿದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಮೆರವಣಿಗೆಯಲ್ಲಿ ನಿಂತಿದ್ದ ತಪ್ಪಿಗೆ ಇಪ್ಪತ್ತೊಂಬತ್ತರಲ್ಲಿಯೂ ಆತನಿಗೆ ಕೆಲಸವಿಲ್ಲ ಎಂದಾದರೆ ಅವನನ್ನು ನಾವೇ ಮತ್ತೆ ಬೀದಿಗೆ ದೂಡಿದಂತಾಯಿತು.

ಸರಕಾರಿ ನೌಕರಿಯ ವಿಷಯದಲ್ಲಿ ಸುಪ್ರೀಮ್ ಕೋರ್ಟ್ 2016ರಲ್ಲಿ ಅವತಾರ್ ಸಿಂಗ್ ಮೊಕದ್ದಮೆಯಲ್ಲಿ ನೀಡಿದ ತೀರ್ಪು ಇಲ್ಲಿ ದಾರಿ ತೋರಿಸುತ್ತದೆ. ಕೇಳಿದಾಗ ಅರ್ಜಿದಾರ ನಿಜ ಹೇಳಬೇಕು ಎಂದು ನ್ಯಾಯಾಲಯ ಹೇಳಿತು. ಜೊತೆಗೆ, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಆತ ಮುಚ್ಚಿಟ್ಟಿದ್ದರೂ ಉದ್ಯೋಗದಾತನು ವಿವೇಚನೆಯಿಂದ ಅದನ್ನು ಕಡೆಗಣಿಸಬಹುದು ಎಂದೂ ಹೇಳಿತು. ಖಾಸಗಿ ಮಾಲೀಕರಿಗೂ ಇದೇ ಅಳತೆ ಸಾಕು. ಪ್ರಕರಣವೇನು, ಎಷ್ಟು ಹಳೆಯದು, ನಾವು ಕೊಡುತ್ತಿರುವ ಕೆಲಸಕ್ಕೂ ಅದಕ್ಕೂ ಸಂಬಂಧವಿದೆಯೇ? ಹಣ ನುಂಗಿದ್ದಕ್ಕೆ ಶಿಕ್ಷೆಯಾದವನಿಗೆ ಗಲ್ಲಾಪೆಟ್ಟಿಗೆ ಬೇಡ. ವೆಲ್ಡಿಂಗ್ ಕೆಲಸಕ್ಕೆ ಆತ ಯೋಗ್ಯನಾಗಿರಬಹುದು.

ಹೆಸರನ್ನು ನೋಡಿಯೇ ಅರ್ಜಿಯನ್ನು ಬದಿಗಿಡುವ ಪರಿಪಾಠದ ಬಗ್ಗೆ ಮಾತನಾಡದೆ ಈ ವಿಷಯ ಪೂರ್ತಿಯಾಗದು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅವರು ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪೆನಿಗಳಿಗೆ ಕಳಿಸಿ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹಿಂದೂ ಹೆಸರಿಗೆ ಕರೆ ಬರುವ ಸಾಧ್ಯತೆಯ ಪ್ರಮಾಣವನ್ನು 1 ಎಂದಿಟ್ಟರೆ ದಲಿತ ಹೆಸರಿಗೆ ಅದು 0.67, ಮುಸ್ಲಿಮ್ ಹೆಸರಿಗೆ 0.33. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಅವರು ದೊಡ್ಡ ಕಂಪೆನಿಗಳ ನೇಮಕಾತಿ ಅಧಿಕಾರಿಗಳನ್ನು ಮಾತನಾಡಿಸಿ ಬರೆದ ಲೇಖನದಲ್ಲಿ, ‘ಕುಟುಂಬದ ಹಿನ್ನೆಲೆ’ ಎಂಬ ನಿರಪಾಯಕಾರಿ ಪ್ರಶ್ನೆಯೊಳಗೆ ಜಾತಿ ಹೇಗೆ ಅಡಗಿ ಕುಳಿತಿರುತ್ತದೆ ಎಂಬುದನ್ನು ತೋರಿಸಿದರು. ಖಾಸಗಿ ನೇಮಕಾತಿಯಲ್ಲಿ ಧರ್ಮದ ಆಧಾರದ ತಾರತಮ್ಯವನ್ನು ನೇರವಾಗಿ ತಡೆಯುವ ಸಮಗ್ರ ಕಾನೂನು ಈ ದೇಶದಲ್ಲಿಲ್ಲ. 2006ರ ಸಾಚಾರ್ ಸಮಿತಿಯು ಸಮಾನ ಅವಕಾಶ ಆಯೋಗವನ್ನು ಶಿಫಾರಸು ಮಾಡಿತ್ತು. ಎಷ್ಟು ಸರಕಾರಗಳು ಬಂದರೂ ಆ ಕಾನೂನು ಬಂದಿಲ್ಲ.

ಆ ಅನ್ಯಾಯವನ್ನು ಪ್ರಶ್ನಿಸುವ ನಮ್ಮ ಸಂಸ್ಥೆಗಳ ನೇಮಕಾತಿ ಹೇಗಿದೆ? ಗಣಿತದ ಶಿಕ್ಷಕರನ್ನು ಆಯ್ಕೆ ಮಾಡುವಾಗ ಮಸ್ಲಕ್ ಯಾವುದೆಂದು ವಿಚಾರಿಸುವ ಸಮಿತಿಗಳಿಲ್ಲವೇ? ವಿಚ್ಛೇದಿತೆ ಎಂದು ತಿಳಿದೊಡನೆ ಶಿಕ್ಷಕಿಯ ಅರ್ಜಿ ಕೆಳಗೆ ಹೋಗುವುದಿಲ್ಲವೇ? ದಲಿತ ಯುವಕನೊಬ್ಬ ಲೆಕ್ಕಪತ್ರದ ಕೆಲಸಕ್ಕೆ ಬಂದರೆ “ನಮ್ಮವರೇ ಸಿಗಲಿಲ್ಲವೇ?” ಎಂಬ ಪ್ರಶ್ನೆ ಏಳುವುದಿಲ್ಲವೇ? ಮದ್‌ಯನ್‌ನ ಬಾವಿಯ ಬಳಿ ಕಂಡ ಅಪರಿಚಿತ ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳಿರೆಂದು ಆ ಹುಡುಗಿ ತಂದೆಗೆ ಸಲಹೆಯಿತ್ತಾಗ ಹೇಳಿದ ಗುಣಗಳು ಎರಡೇ: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಊರು, ಕುಲಗಳ ಪ್ರಸ್ತಾಪವನ್ನು ಆಕೆ ಎತ್ತಲಿಲ್ಲ. ಅಂದಹಾಗೆ, ಆತ ನೀರೆತ್ತಿಕೊಟ್ಟದ್ದನ್ನು ಕಣ್ಣಾರೆ ಕಂಡು ಆಡಿದ ಮಾತು ಅದು.

ಶಿಫಾರಸು ನೀಡುವವರ ವಿಷಯವೂ ಇದೆ, ಇಲ್ಲಿ ಕುಳಿತಿರುವವರೆಲ್ಲ ಒಂದು ದಿನ ಕೇಳುವವರಾದರೆ ಇನ್ನೊಂದು ದಿನ ಹೇಳುವವರು. “ನಾವೇಕೆ ಪಾಪ ಕಟ್ಟಿಕೊಳ್ಳಬೇಕು, ಗೀಬತ್ ಆಗುತ್ತದೆ” ಎಂದು ಕಳ್ಳನನ್ನೂ ಒಳ್ಳೆಯವನೆಂದು ಕಳಿಸುವ ಸಾಧುಗಳಿದ್ದಾರೆ. ಇಬ್ಬರು ವರರ ಬಗ್ಗೆ ಫಾತಿಮಾ ಬಿಂತ್ ಕೈಸ್(ರ) ಸಲಹೆ ಕೇಳಿದಾಗ ಪ್ರವಾದಿವರ್ಯರು(ಸ), ಒಬ್ಬರ ಬಡತನವನ್ನೂ ಇನ್ನೊಬ್ಬರ ಒರಟುತನವನ್ನೂ ಮುಚ್ಚಿಡದೆ ತಿಳಿಸಿದರು. ಸಲಹೆ ಕೇಳಿದವರಿಗೆ ಅಗತ್ಯವಾದಷ್ಟು ದೋಷವನ್ನು ತಿಳಿಸುವುದು ನಿಷಿದ್ಧ ಪರದೂಷಣೆಯಲ್ಲ ಎಂದು ಇಮಾಮ್ ನವವಿ ಮುಂತಾದವರು ಇದರಿಂದ ಅರ್ಥೈಸಿದ್ದಾರೆ. ಅಗತ್ಯವಾದಷ್ಟು ಎಂಬಲ್ಲಿ ಒತ್ತು ಇದೆ. ಲೆಕ್ಕ ತಪ್ಪಿಸಿದ ಎಂದು ಹೇಳಬಹುದು, ಅವನ ಮನೆಯ ಜಗಳವನ್ನು ಹೇಳಬೇಕಾಗಿಲ್ಲ.

ದೇಶದ ಕಾನೂನಿನ ನಿಲುವು ಇದಕ್ಕೆ ತೀರಾ ಹತ್ತಿರವಿದೆ. ಹಳೆಯ ದಂಡಸಂಹಿತೆಯ 499ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಾಗಿದೆ. ತನ್ನ ಅಥವಾ ಇನ್ನೊಬ್ಬರ ಹಿತರಕ್ಷಣೆಗಾಗಿ ಸದ್ಭಾವನೆಯಿಂದ, ಅಂದರೆ ಎಚ್ಚರಿಕೆಯಿಂದ ವಿಚಾರಿಸಿ ಆಡಿದ ಮಾತಿಗೆ ಅದರಲ್ಲಿ ರಕ್ಷಣೆಯಿದೆ. ಅದೇ ಕಲಮಿನ ಒಂದು ಉದಾಹರಣೆ ಬಹಳ ಮಾರ್ಮಿಕವಾದುದು. ಒಬ್ಬನು ಗಡಿಯಾರ ಕದ್ದಿದ್ದಾನೆಂದು ಕೇಳುವವರು ನಂಬಲಿ ಎಂಬ ಉದ್ದೇಶದಿಂದಲೇ, ಆತ ಪ್ರಾಮಾಣಿಕ, ಗಡಿಯಾರ ಕದ್ದೇ ಇಲ್ಲ ಎಂದು ಹೇಳಿದರೂ ಅದು ಮಾನಹಾನಿಯೇ! ನಮ್ಮ ಊರಿನ ವ್ಯಂಗ್ಯಗಾರರು ಇದನ್ನು ನೆನಪಿಡಬೇಕು. ಕೆಲಸ ಬಿಟ್ಟವನ ಫೋಟೊವನ್ನು ವಾಟ್ಸಪ್ ಗುಂಪುಗಳಿಗೆ ಹಾಕಿ “ಇವನನ್ನು ಯಾರೂ ಸೇರಿಸಿಕೊಳ್ಳಬೇಡಿ” ಎಂದು ಬರೆಯುವ ವರ್ತಕರೂ ನೆನಪಿಡಬೇಕು. ಕೇಳಿದ ಒಬ್ಬನಿಗೆ ಕಂಡದ್ದನ್ನು ಹೇಳುವುದಕ್ಕೆ ಇರುವ ರಕ್ಷಣೆ ಕೇಳದ ಇನ್ನೂರು ಜನರಿಗೆ ಸಾರುವವನಿಗೆ ಸಿಗುವುದು ಕಷ್ಟ.

ಪತ್ರ ಕೊಡುವುದು ಮಾಲೀಕನ ಕೃಪೆ ಎಂದು ಹಲವರು ಭಾವಿಸಿದ್ದಾರೆ. ಕಾರ್ಖಾನೆಗಳ ಮಾದರಿ ಸ್ಥಾಯೀ ಆದೇಶಗಳಲ್ಲಿ ಖಾಯಂ ಕಾರ್ಮಿಕನಿಗೆ ನಿವೃತ್ತಿಯಾದರೂ ವಜಾ ಆದರೂ ಸೇವಾ ಪ್ರಮಾಣಪತ್ರ ಪಡೆಯುವ ಹಕ್ಕು 1946ರಿಂದಲೇ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಲಾಗಿದೆ. ಆ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ಅನೇಕ ತಕರಾರುಗಳಿವೆ, ಅವುಗಳಲ್ಲಿ ಹಲವನ್ನು ನಾವೂ ಒಪ್ಪುತ್ತೇವೆ. ಆದರೆ ಈ ಒಂದು ಕಟ್ಟಳೆಯಾದರೂ ನಮ್ಮ ಅಂಗಡಿ, ಶಾಲೆ, ಗ್ಯಾರೇಜುಗಳಲ್ಲಿ ಪಾಲನೆಯಾಗಲಿ. ಸೇರುವಾಗ ಒಂದು ಪತ್ರ, ಬಿಡುವಾಗ ಒಂದು ಪತ್ರ. ಇಂದು ನಾವು ಕೊಡದ ಪತ್ರವನ್ನೇ ನಾಳೆ ಇನ್ನೊಬ್ಬ ಮಾಲೀಕ ಆ ಕೆಲಸಗಾರನಿಂದ ಕೇಳುತ್ತಾನೆ.

ಭದ್ರಾವತಿಯಿಂದ ಬಂದಿರುವ ನಿವೃತ್ತ ಫೋರ್‌ಮನ್‌ಗಳು, ಮೇಲ್ವಿಚಾರಕರು ಈ ಸಭೆಯಲ್ಲಿದ್ದೀರಿ. ನಿಮ್ಮ ಕೈಕೆಳಗೆ ಗುತ್ತಿಗೆಯಲ್ಲಿ ದುಡಿದವರ ಕೆಲಸವನ್ನು ಕಣ್ಣಾರೆ ಕಂಡವರು ಈಗ ನೀವು ಮಾತ್ರ. ಯಾರು, ಯಾವ ವರ್ಷಗಳಲ್ಲಿ, ಯಾವ ಕೆಲಸ, ಹೇಗೆ ಮಾಡಿದರು ಎಂದು ನಾಲ್ಕು ಸಾಲು ಬರೆದು, ನಿಮ್ಮ ಹೆಸರು, ಅಂದಿನ ಹುದ್ದೆ ಸೇರಿಸಿ ಸಹಿ ಮಾಡಿಕೊಡಿ. ಕಾರ್ಖಾನೆಯ ಪರವಾಗಿ ಬರೆಯಬೇಡಿ, ಹಾಗೆ ಬರೆಯುವ ಅಧಿಕಾರ ನಿಮಗಿಲ್ಲ. ನೀವು ಕಂಡದ್ದನ್ನು ನಿಮ್ಮ ಹೆಸರಿನಲ್ಲಿ ಬರೆಯಿರಿ. ಕಾಣದ್ದನ್ನು ಬಂಧುತ್ವಕ್ಕಾಗಿ ಬರೆಯಬೇಡಿ. ಅಂಥ ಒಂದು ಪತ್ರ ಸುಳ್ಳಾದರೆ ಉಳಿದ ನಿಜವಾದ ಪತ್ರಗಳನ್ನೂ ಮಾಚೇನಹಳ್ಳಿಯಲ್ಲಿ ಯಾರೂ ನಂಬುವುದಿಲ್ಲ.

ಒಪ್ಪಿಗೆ ಪತ್ರದ ಒಂದು ಕರಡನ್ನು ಕನ್ನಡದಲ್ಲಿ ಮತ್ತು ಉರ್ದುವಿನಲ್ಲಿ ಸಿದ್ಧಪಡಿಸಿ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ನಿಮ್ಮ ನಿಮ್ಮ ವಕೀಲರಿಗೆ ತೋರಿಸಿ ತಿದ್ದಿಸಿಕೊಳ್ಳಬಹುದು. ಅಸ್ರ್ ನಮಾಝಿಗೆ ಇನ್ನೂ ಇಪ್ಪತ್ತು ನಿಮಿಷವಿದೆ. ಪ್ರಶ್ನೆಗಳಿದ್ದರೆ ಕೇಳಬಹುದು. ಹಿಂದಿನ ಸಾಲಿನಲ್ಲಿ ಆಗಲೇ ಕೈ ಎತ್ತಿದ್ದ ಸಹೋದರಿಯವರಿಗೆ ಮೊದಲ ಅವಕಾಶ.